ಗೆಡ್ಡೆಗೆ ಕಣ್ಣಿದ್ಯಾ ನೋಡ್ಕೊಳ್ಳಿ: ಡೇರೆ ಹೂವಿನ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಡೇರೇದೇ, ಅಂದ್ರೆ ಡೇಲಿಯಾದ್ದೇ. ಏಪ್ರಿಲ್ ಬಂತು ಅಂದ್ರೆ ಅಟ್ಟದ ಮೇಲಿಟ್ಟಿರೋ ಗೆಡ್ಡೆ ಎಲ್ಲರಿಗೂ ಒಟ್ಟಿಗೇ ನೆನಪಾಗುತ್ತೆ ಅನ್ಸುತ್ತೆ. ಹಂಗಾಗಿ ಗುಲಾಬಿ, ಕರಿಬೇವು, ಕುಂಡದ ನಿಂಬೆ ಎಲ್ಲಾನೂ ಮುಂದಿನ ತಿಂಗಳಿಗೆ ತಳ್ಳಿದ್ದೀನಿ, ಕೇಳಿದವ್ರು ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಅಕ್ಕಾ, ನನ್ನ ತವರು ಸಾಗರದ ಹತ್ರ, ಮದುವೆ ಆಗಿ ಚಿಕ್ಕಬಳ್ಳಾಪುರಕ್ಕೆ ಬಂದು ಮೂರು ವರ್ಷ ಆಯ್ತು. ಹೋದ ವರ್ಷ ಅಮ್ಮ ಎಂಟು ಡೇರೆ ಗೆಡ್ಡೆ ಕಟ್ಟಿ ಕೊಟ್ಟಿದ್ರು. ಅಲ್ಲಿ ನೆಡೋ ಹಂಗೇ ಮೇ ಕೊನೇಲಿ ನೆಟ್ಟು ದಿನಾ ನೀರು ಹಾಕಿದೆ. ಎರಡೇ ಹುಟ್ಟಿದ್ದು. ಮಿಕ್ಕಿದ್ದು ಅಗೆದು ನೋಡಿದ್ರೆ ಮೂರು ಕೊಳೆತಿತ್ತು, ಮೂರು ಗಟ್ಟಿಯಾಗೇ ಇತ್ತು ಆದ್ರೆ ಮೊಳಕೆ ಇಲ್ಲ. ಹುಟ್ಟಿದ ಎರಡೂ ಸೆಪ್ಟೆಂಬರ್ ಮಳೆಗೆ ಹೂವು ಮೊಗ್ಗು ಸಮೇತ ಮುರ್ಕೊಂಡು ಬಿದ್ವು. ಈ ಸಲ ಮತ್ತೆ ಕೊಟ್ಟಿದ್ದಾರೆ, ಹಾಳು ಮಾಡಿದ್ರೆ ಅಮ್ಮನಿಗೆ ಮುಖ ತೋರ್ಸಕ್ಕಾಗಲ್ಲ.

ಉತ್ತರ: ಎಂಟು ಗೆಡ್ಡೆಗೆ ಮೂರು ಥರ ತೊಂದ್ರೆ ಆಗಿದೆ ಕಣಮ್ಮ, ಒಂದೊಂದಾಗಿ ನೋಡೋಣ.

ಗಟ್ಟಿಯಾಗಿದ್ದು ಮೊಳಕೆ ಬರದೇ ಇರೋ ಮೂರು ಇದೆಯಲ್ಲ, ಅವಕ್ಕೆ ಕಣ್ಣೇ ಇರ್ಲಿಲ್ಲ ಅಂತ ಕಾಣುತ್ತೆ. ಆಲೂಗಡ್ಡೆಗೆ ಮೈತುಂಬ ಕಣ್ಣು, ಎಲ್ಲಿ ಕೊಯ್ದು ನೆಟ್ರೂ ಹುಟ್ಟುತ್ತೆ. ಡೇರೆ ಹಂಗಲ್ಲ. ಗೆಡ್ಡೆ ಗೊಂಚಲನ್ನ ಒಂದ್ಸಲ ಕೈಗೆ ತಗೊಂಡು ಬೆಳಕಲ್ಲಿ ತಿರುಗಿಸಿ ನೋಡಿ, ನಡುವೆ ಹೋದ ವರ್ಷದ ಕಾಂಡದ ಮೋಟು ಒಣಗಿ ನಿಂತಿರುತ್ತೆ, ಅದರ ಬುಡದಿಂದ ಸುತ್ತಲೂ ಗೆಣಸಿನ ಮರಿಗಳ ಥರ ಗೆಡ್ಡೆಗಳು ಇಳಿಬಿದ್ದಿರ್ತವೆ, ಒಂದೊಂದಕ್ಕೂ ಸಣ್ಣ ಕುತ್ತಿಗೆ. ಕುತ್ತಿಗೆ ಹೋಗಿ ಮೋಟಿಗೆ ಅಂಟ್ಕೊಳ್ಳೋ ಜಾಗ ಇದೆಯಲ್ಲ, ಆ ಸುತ್ತಲ್ಲಿ ಮಾತ್ರ ಕಣ್ಣು ಇರೋದು. ಸಾಸಿವೆ ಕಾಳಿನಷ್ಟು ಉಬ್ಬು, ಕೆಲವು ಜಾತೀಲಿ ತೆಳು ಗುಲಾಬಿ, ಕೆಲವದ್ರಲ್ಲಿ ಬಿಳಿ ಹಸಿರು. ಗೆಡ್ಡೆ ಎಷ್ಟೇ ದಪ್ಪ ಇರ್ಲಿ, ಆ ಮೋಟಿನ ಚೂರು ಅದರ ಜೊತೆ ಬರ್ಲಿಲ್ಲ ಅಂದ್ರೆ ಅದು ಮಣ್ಣಲ್ಲಿ ಸುಮ್ನೆ ಮಲಗಿರುತ್ತೆ ಅಷ್ಟೆ, ಬೇರು ಬಿಟ್ರೂ ಬಿಡಬಹುದು, ಚಿಗುರು ಬರಲ್ಲ. ಕುತ್ತಿಗೆ ಮುರಿದಿದ್ರೂ ಅದೇ ಗತಿ. ಬಸ್ಸಲ್ಲಿ ಬ್ಯಾಗಿಗೆ ತುರುಕಿ ತರ್ತೀವಲ್ಲ, ಅರ್ಧ ಕುತ್ತಿಗೆ ಅಲ್ಲೇ ಲಟಕ್ ಅಂದಿರುತ್ತೆ.

ನಾನೂ ಇದಕ್ಕೆ ದುಡ್ಡು ಕಳ್ಕೊಂಡಿದ್ದೀನಿ. ಆನ್‌ಲೈನಲ್ಲಿ ಐದು ಗೆಡ್ಡೆ ತರ್ಸಿದ್ದೆ, ಫೋಟೋದಲ್ಲಿ ಊಟದ ತಟ್ಟೆ ಅಗಲದ ಹೂವು, ಬಂದ ಗೆಡ್ಡೆಗಳು ಮೂಲಂಗಿ ಥರ ನುಣ್ಣಗೆ, ಒಂದಕ್ಕಾದ್ರೂ ಮೋಟಿನ ಚೂರಿಲ್ಲ. ಮೂರು ತಿಂಗಳು ಕಾದೆ. ಕೇಳಿದ್ರೆ ನೀವು ನೀರು ಜಾಸ್ತಿ ಹಾಕಿದ್ದೀರ ಮೇಡಂ ಅಂದ್ರು.

ಈಗ ಬಂದಿರೋ ಗೆಡ್ಡೇಲಿ ಕಣ್ಣು ಕಾಣಿಸ್ತಾ ಇಲ್ಲ ಅಂದ್ರೆ ಆತುರಕ್ಕೆ ಕೊಯ್ಯಬೇಡಿ. ಹಳೇ ಹಣ್ಣಿನ ಕ್ರೇಟ್‌ಗೆ ಪೇಪರ್ ಹಾಸಿ, ಮರಳೋ ಕೋಕೋಪೀಟೋ (ತೆಂಗಿನ ನಾರಿನ ಪುಡಿ) ಹಾಕಿ, ಗೊಂಚಲನ್ನ ಇಡಿಯಾಗಿ ಅದರಲ್ಲಿ ಕೂರ್ಸಿ, ಮೋಟು ಮಾತ್ರ ಮೇಲೆ ಕಾಣ್ಲಿ. ತೇವ ಹೆಂಗಿರಬೇಕು ಅಂದ್ರೆ ಹಿಡಿ ತುಂಬ ತಗೊಂಡು ಹಿಂಡಿದ್ರೆ ಮುದ್ದೆ ಆಗಬೇಕು, ನೀರು ತೊಟ್ಟಿಕ್ಕಬಾರ್ದು. ಬೆಳಕಿರೋ ನೆರಳಲ್ಲಿ ಎರಡು ಮೂರು ವಾರ ಇಟ್ರೆ ಕಣ್ಣು ಉಬ್ಬಿ ತಾನೇ ಗೊತ್ತಾಗುತ್ತೆ. ಆಮೇಲೆ ಚೂಪಾದ ಚಾಕು ತಗೊಂಡು, ಒಂದೊಂದು ಗೆಡ್ಡೆಗೂ ಒಂದಾದ್ರೂ ಕಣ್ಣು ಬರೋ ಹಂಗೆ ಮೋಟನ್ನೂ ಸೇರ್ಸಿ ಸೀಳಿ. ಕೊಯ್ದ ಮುಖಕ್ಕೆ ಒಲೆ ಬೂದಿ ಮೆತ್ತಿ ಎರಡು ದಿನ ನೆರಳಲ್ಲಿ ಒಣಗ್ಲಿ. ಹಸಿ ಗಾಯದಲ್ಲೇ ಮಣ್ಣಿಗೆ ಹಾಕಿದ್ರೆ ಕೊಳೆಯೋಕೆ ನೀವೇ ಬಾಗಿಲು ತೆಗೆದಂಗೆ.

ಕೊಳೆತಿರೋ ಮೂರು: ಅದು ದಿನಾ ಹಾಕಿದ ನೀರಿನ ಕೆಲಸ. ಎಲೆ ಇಲ್ಲದ ಗೆಡ್ಡೆಗೆ ನೀರು ಕುಡಿಯೋಕೆ ಬಾಯೇ ಇಲ್ಲ. ತನ್ನ ಹೊಟ್ಟೇಲೇ ಬೇಕಾದಷ್ಟು ಇಟ್ಕೊಂಡಿರುತ್ತೆ. ನಾಲ್ಕರಿಂದ ಆರು ಇಂಚು ಆಳಕ್ಕೆ ಅಡ್ಡ ಮಲಗಿಸಿ, ಕಣ್ಣು ಮೇಲಕ್ಕೆ ಇರ್ಲಿ, ಒಂದ್ಸಲ ನೀರು ಕೊಟ್ಟು ಸುಮ್ನಾಗಿ. ಚಿಗುರು ಮಣ್ಣಿಂದ ಮೇಲೆ ಬರೋ ತನಕ ಮಣ್ಣು ಪೂರ್ತಿ ಒಣಗಿದ್ರೆ ಮಾತ್ರ ಚೂರು ಚಿಮುಕಿಸಿ.

ಇನ್ನ ಮುರ್ಕೊಂಡು ಬಿದ್ದಿದ್ದು. ಇಲ್ಲಿ ನಿಮ್ಮಮ್ಮನ ಕ್ಯಾಲೆಂಡರ್ ಕೈ ಕೊಟ್ಟಿದೆ. ಮಲೆನಾಡಲ್ಲಿ ಮಳೆ ಹಿಡಿಯೋ ಹೊತ್ತಿಗೆ ನೆಟ್ರೆ ಗೌರಿ ಹಬ್ಬದ ಹೊತ್ತಿಗೆ ಹೂವು, ಜುಲೈಲಿ ಸುರಿಯೋ ಮಳೆ ಸೆಪ್ಟೆಂಬರಲ್ಲಿ ಇಳಿಮುಖ. ನಮ್ಮ ಕಡೆ ಉಲ್ಟಾ. ಜೂನ್ ಜುಲೈ ಮೋಡ ಜಾಸ್ತಿ ಮಳೆ ಕಮ್ಮಿ, ಸುರಿಯೋದೇನಿದ್ರೂ ಸೆಪ್ಟೆಂಬರ್ ಅಕ್ಟೋಬರಲ್ಲಿ, ಉತ್ತರೆ ಹಸ್ತ ಚಿತ್ತೆ ಅಂತ. ಮೇ ಕೊನೇಲಿ ನೆಟ್ಟ ಡೇರೆ ಸರಿಯಾಗಿ ಆ ಮಳೆಗೇ ದೊಡ್ಡ ಹೂವು ಹೊತ್ತು ನಿಂತಿರುತ್ತೆ, ಹೂವಲ್ಲಿ ನೀರು ತುಂಬ್ಕೊಂಡ್ರೆ ಕಾಂಡ ಎಷ್ಟು ಅಂತ ತಡೆಯುತ್ತೆ, ಒಳಗೆ ಪೊಳ್ಳು ಬೇರೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಚಿಕ್ಕಬಳ್ಳಾಪುರ ಕೋಲಾರದ ಕಡೆ ಗೌರಿ ಹಬ್ಬದ ಆಸೆ ಬಿಟ್ಬಿಡಿ. ಆಗಸ್ಟ್ ಎರಡನೇ ವಾರದಿಂದ ಸೆಪ್ಟೆಂಬರ್ ಮೊದಲ ವಾರದೊಳಗೆ ನೆಡಿ. ಗೆಡ್ಡೆಯಿಂದ ಹೂವಿಗೆ ಎರಡೂವರೆಯಿಂದ ಮೂರು ತಿಂಗಳು ಹಿಡಿಯುತ್ತೆ, ಜೋರು ಮಳೆ ಹೊತ್ತಲ್ಲಿ ಗಿಡ ಇನ್ನ ಎಲೆ ಕಟ್ತಾ ಇರುತ್ತೆ, ಮಳೆ ಹೋಗಿ ಚಳಿ ಬಿದ್ದ ಮೇಲೆ ಹೂವು. ನಂದಿ ಬೆಟ್ಟದ ಕಡೆಯಿಂದ ಮಂಜು ಇಳಿಯೋ ದಿನಗಳಲ್ಲಿ ಬಿಡೋ ಡೇರೆಯ ಬಣ್ಣ ಬೇರೆ ಯಾವಾಗ್ಲೂ ಬರಲ್ಲ.

ಅಲ್ಲೀವರ್ಗೂ ಗೆಡ್ಡೆ ಇಟ್ಕೊಳ್ಳೋದು ಹೆಂಗೆ ಅಂತೀರ. ಕಣ್ಣಿರೋದು ಖಾತ್ರಿ ಇದ್ರೆ ಒಣ ಕೋಕೋಪೀಟಲ್ಲೇ ತಂಪಾದ ಮೂಲೇಲಿ ಇರ್ಲಿ, ಶೀಟಿನ ಮನೆ ಅಟ್ಟ ಮಾತ್ರ ಬೇಡ, ಬೇಸಿಗೇಲಿ ಬೆಂದೇ ಹೋಗುತ್ತೆ. ಜೂನಲ್ಲೇ ಮೊಳಕೆ ಬಂದು ಹಠ ಮಾಡಿದ್ರೆ ಕುಂಡಕ್ಕೆ ಹಾಕಿ, ಅದರಿಂದ ಕಡ್ಡಿ (ಬೇರು ಬರ್ಸಿ ಹೊಸ ಗಿಡ ಮಾಡೋ ಚಿಗುರಿನ ತುಂಡು) ತಗೋಬಹುದು, ಕೆಳಗೆ ತುಮಕೂರಿನವ್ರಿಗೆ ಬರ್ದಿದ್ದೀನಿ ನೋಡಿ.

ಪ್ರಶ್ನೆ: ಮೇಡಂ, ಗೌರಿಬಿದನೂರಲ್ಲಿ ಮನೆ ಪಕ್ಕದ 30x40 ಖಾಲಿ ಸೈಟನ್ನ ಓನರ್ ಎರಡು ವರ್ಷ ಬಳಸ್ಕೊಳ್ಳಿ ಅಂತ ಬಿಟ್ಕೊಟ್ಟಿದ್ದಾರೆ. ಪೂರ್ತಿ ಕಾಂಗ್ರೆಸ್ ಗಿಡ, ಒಂದು ಮೂಲೇಲಿ ಯಾರದೋ ಮನೆ ಒಡೆದ ಇಟ್ಟಿಗೆ ಚೂರು. ನೀರು ಬೋರ್‌ವೆಲ್‌ದು, ಬಕೆಟ್ ಮೇಲೆ ಬಿಳಿ ಪದರ ಕಟ್ಟುತ್ತೆ. ಡೇರೆ, ಸೇವಂತಿಗೆ, ಸ್ವಲ್ಪ ತರಕಾರಿ ಆಸೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಒಂದು ಗುಂಟೆ ಅಂದ್ರೆ 1089 ಚದರಡಿ, ನಿಮ್ಮದು 1200, ಅಂದ್ರೆ ಗುಂಟೆಗಿಂತ ಚೂರು ಜಾಸ್ತಿನೇ. ಇಬ್ಬರು ಸಂಜೆ ಹೊತ್ತು ನೋಡ್ಕೊಳ್ಳೋಕೆ ಇದು ಸಣ್ಣ ಜಾಗ ಅಲ್ಲ, ಮೊದಲ ವರ್ಷ ಅರ್ಧ ಮಾತ್ರ ಇಟ್ಕೊಳ್ಳಿ ಅಂತ ನನ್ನ ಸಲಹೆ. ಪೂರ್ತಿ ಅಗೆಸಿ ಅರ್ಧಕ್ಕೆ ಕೈ ಬಿಟ್ರೆ ಕಳೆ ಮೊದಲಿಗಿಂತ ಜೋರಾಗಿ ಬರುತ್ತೆ.

ಕಾಂಗ್ರೆಸ್ ಗಿಡ ಹೂವಿಗೆ ಬರೋ ಮುಂಚೆ ಬೇರು ಸಮೇತ ಕೀಳ್ಬೇಕು, ಮಳೆ ಬಿದ್ದು ಮಣ್ಣು ಮೆತ್ತಗಾದ ದಿನವೇ ಕೀಳಿ, ಒಣ ಮಣ್ಣಲ್ಲಿ ಎಳೆದ್ರೆ ಬುಡ ಅಲ್ಲೇ ಉಳಿದು ಮತ್ತೆ ಚಿಗುರುತ್ತೆ. ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ. ಇದು ನಾಜೂಕಿನ ಮಾತಲ್ಲ, ಕೆಲವರಿಗೆ ಮೈ ಕೈ ಕೆರೆತ, ಉಬ್ಬಸ ಬರುತ್ತೆ. ತಮಾಷೆ ಏನು ಅಂದ್ರೆ ಕಾಂಗ್ರೆಸ್ ಗಿಡ, ಡೇರೆ, ಸೇವಂತಿಗೆ, ಚೆಂಡು ಹೂವು ಎಲ್ಲಾ ಒಂದೇ ಕುಟುಂಬ, ಸೂರ್ಯಕಾಂತಿ ಮನೆತನ. ಗಿಡದ ರಸ ಹೀರೋ ಹಿಟ್ಟು ತಿಗಣೆ ಈ ದಾಯಾದಿ ಮನೇಲಿ ಉಂಡು ಆ ದಾಯಾದಿ ಮನೇಲಿ ಮಲಗುತ್ತೆ, ಅದಕ್ಕೇ ಬೇಲಿ ಪಕ್ಕದ್ದೂ ಕಿತ್ತು ಹಾಕಿ.

ಇಟ್ಟಿಗೆ ಚೂರು, ಗಾರೆ, ಸಿಮೆಂಟು ಇರೋ ಮೂಲೆಗೆ ಡೇರೆ ಬೇಡ. ಗಾರೆಯಲ್ಲಿ ಸುಣ್ಣದ ಅಂಶ, ನಿಮ್ಮ ನೀರಲ್ಲೂ ಅದೇ, ಎರಡೂ ಸೇರಿದ್ರೆ ಮಣ್ಣಿನ ಕ್ಷಾರ ಏರುತ್ತೆ, ಆಗ ಎಳೇ ಎಲೆ ಹಳದಿ ಆಗಿ ನರ ಮಾತ್ರ ಹಸಿರಾಗಿ ಉಳಿಯುತ್ತೆ. ಮಣ್ಣಲ್ಲಿ ಕಬ್ಬಿಣ ಇದ್ರೂ ಗಿಡಕ್ಕೆ ಸಿಗಲ್ಲ ಅಂತ ಅರ್ಥ. ದೊಡ್ಡ ಚೂರು ಆರಿಸಿ ಓಡಾಡೋ ದಾರಿಗೆ ಹಾಸಿ. ಮಳೆ ನೀರು ಒಂದೆರಡು ಡ್ರಮ್ ಹಿಡಿದಿಟ್ರೆ ಕಡ್ಡಿ, ಸಸಿಗಾದ್ರೂ ಒಳ್ಳೇ ನೀರು ಸಿಗುತ್ತೆ. ಮಣ್ಣು ಪರೀಕ್ಷೆ ಮಾಡ್ಸೋದಾದ್ರೆ ನಿಮಗೆ ಚಿಂತಾಮಣಿ ಹತ್ರ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರ, ಕೋಲಾರದವ್ರಿಗೆ ಟಮಕ, ತುಮಕೂರಿನವ್ರಿಗೆ ಹಿರೇಹಳ್ಳಿ. ಒಂದೇ ಕಡೆಯಿಂದ ಮಣ್ಣು ತಗೊಂಡು ಹೋಗಬೇಡಿ, ಐದಾರು ಕಡೆ ಅರ್ಧ ಅಡಿ ಆಳಕ್ಕೆ ತೆಗೆದು ಬೆರೆಸಿ, ಅದರಲ್ಲಿ ಅರ್ಧ ಕೇಜಿ ಸಾಕು.

ಅಗೆಯೋಕೆ ಮುಹೂರ್ತ ಭರಣಿ ಮಳೆ, ಅಂದ್ರೆ ಏಪ್ರಿಲ್ ಕೊನೆ ಮೇ ಮೊದಲಲ್ಲಿ ಬೀಳೋದು. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತ ಹಿರಿಯರು ಸುಮ್ನೆ ಹೇಳಿಲ್ಲ, ಒಂದು ಹದ ಮಳೆ ಬಿದ್ದು ಎರಡು ದಿನ ಬಿಟ್ಟು ಹೋಗಿ ಗುದ್ದಲಿ ಹಾಕಿ ನೋಡಿ, ನಮ್ಮ ಕೆಂಪು ಮಣ್ಣು ಹೆಂಗೆ ಬಿಡ್ಕೊಳ್ಳುತ್ತೆ ಅಂತ. ಅದೇ ಮಾರ್ಚಲ್ಲಿ ಅಗೆದ್ರೆ ಗುದ್ದಲಿ ಠಣ್ ಅನ್ನುತ್ತೆ, ಕೂಲಿಯವ್ರು ಮಾರನೇ ದಿನ ಬರಲ್ಲ. ಒಂದೂವರೆ ಅಡಿ ಆಳ ಅಗೆದು ಹೆಂಟೆ ಹಂಗೇ ಬಿಸಿಲಿಗೆ ಬಿಡಿ, ಗರಿಕೆ ಬೇರು, ಜೇಕಿನ ಗೆಡ್ಡೆ ಕೈಲೇ ಆರಿಸಬೇಕು, ಗೊಣ್ಣೆ ಹುಳ ಸಿಕ್ರೆ ಕೋಳಿ ಸಾಕಿರೋರಿಗೆ ಕೊಡಿ.

ಮೇ ತಿಂಗಳಲ್ಲಿ ಅಲಸಂದೆನೋ ಹುರುಳಿನೋ ಚೆಲ್ಲಿಬಿಡಿ, ಹೂವು ಬರೋ ಹೊತ್ತಿಗೆ, ಸುಮಾರು ನಲವತ್ತೈದು ಐವತ್ತು ದಿನಕ್ಕೆ, ಕೊಯ್ದು ಅಲ್ಲೇ ಮಣ್ಣಿಗೆ ಸೇರ್ಸಿ. ಆಗಸ್ಟ್‌ಗೆ ಡೇರೆ ನೆಡೋದಾದ್ರೆ ಈ ಮಧ್ಯದ ಸಮಯ ಸುಮ್ನೆ ಹೋಗಲ್ಲ ನೋಡಿ.

ಗೊಬ್ಬರ ಪೂರ್ತಿ ಕಳಿತಿದ್ದೇ ಬೇಕು, ಹಸಿ ಸಗಣಿ ಹಾಕಿದ್ರೆ ಗೊಣ್ಣೆ ಹುಳಕ್ಕೆ ಊಟ ಬಡಿಸಿದಂಗೆ. ನಮ್ಮ ಜಿಲ್ಲೇಲಿ ಇನ್ನೊಂದು ಸೌಕರ್ಯ ರೇಷ್ಮೆ ಮನೆಯ ಹಿಕ್ಕೆ ಮತ್ತೆ ಹಿಪ್ಪುನೇರಳೆ ಕಡ್ಡಿ. ಚೆನ್ನಾಗಿರುತ್ತೆ, ಆದ್ರೆ ತಂದ ದಿನವೇ ಹಾಕಬೇಡಿ, ಹುಳದ ಹಾಸಿಗೆ ಮೇಲೆ ಸುಣ್ಣ, ಔಷಧಿ ಪುಡಿ ಉದುರಿಸಿರ್ತಾರೆ, ಸಗಣಿ ಜೊತೆ ಗುಂಡೀಲಿ ಮೂರು ನಾಲ್ಕು ತಿಂಗಳು ಕಳೀಬೇಕು. ಯೂರಿಯಾ ಡೇರೆ ಹತ್ರ ತರಬೇಡಿ, ಎಲೆ ಆನೆ ಕಿವಿ ಥರ ಬರುತ್ತೆ, ಹೂವು ಕಮ್ಮಿ, ಗೆಡ್ಡೆನೂ ಸಪ್ಪೆ, ಇಟ್ಟಲ್ಲೇ ಕೊಳೆಯುತ್ತೆ. ಗೆದ್ದಲು ಕಾಟ ಇದ್ರೆ ಗುಂಡಿಗೆ ಒಂದೊಂದು ಹಿಡಿ ಹೊಂಗೆ ಹಿಂಡಿ.

ಮಡಿ ನಾಲ್ಕು ಅಡಿ ಅಗಲ, ಅರ್ಧ ಅಡಿ ಎತ್ತರ. ಎತ್ತರ ಮಾಡೋ ಮುಂಚೆ ಒಂದಡಿ ಗುಂಡಿ ತೋಡಿ ನೀರು ತುಂಬಿಸಿ ನೋಡಿ, ಬೆಳಗ್ಗೆ ತುಂಬಿಸಿದ್ದು ಸಂಜೆಗೂ ನಿಂತಿದ್ರೆ ಮಡಿ ಇನ್ನೂ ಎತ್ತರ ಬೇಕು. ಹತ್ತಡಿ ಉದ್ದದ ಮಡೀಲಿ ಎರಡು ಸಾಲು, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂದ್ರೆ ಹನ್ನೆರಡು ಹದಿನಾಲ್ಕು ಗಿಡ ಹಿಡಿಯುತ್ತೆ. ಮೇಲೆ ಹಾಸೋಕೆ ರಾಗಿ ಹುಲ್ಲು ಅಂತ ಬರೀಬೇಕು ಅಂತಿದ್ದೆ, ಹಸು ಇರೋರು ನನ್ನ ಬೈತಾರೆ, ಎಣ್ಣೆ ಗಾಣದಲ್ಲಿ ಸಿಗೋ ಕಡಲೆಕಾಯಿ ಸಿಪ್ಪೆ ಹಾಕ್ಕೊಳ್ಳಿ. ಮತ್ತೆ ಕೋಲು! ಗಿಡ ಬಗ್ಗಿದ ಮೇಲೆ ಕೋಲು ಹುಡುಕ್ಕೊಂಡು ಓಡಬೇಡಿ. ಟೊಮ್ಯಾಟೊಗೆ ಊರೋ ನೀಲಗಿರಿ ಕೋಲು ನಮ್ಮಲ್ಲಿ ಯಾವ ಊರಲ್ಲಿ ಸಿಗಲ್ಲ ಹೇಳಿ, ಗೆಡ್ಡೆ ಇಡೋ ದಿನವೇ ಪಕ್ಕದಲ್ಲಿ ಊರ್ಬಿಡಿ. ನಾನು ಒಂದು ವರ್ಷ ಆಮೇಲೆ ಊರಕ್ಕೆ ಹೋಗಿ, ಮಣ್ಣೊಳಗೆ ಕಚಕ್ ಅಂತು. ಒಂದು ವಾರಕ್ಕೆ ಗಿಡ ಬಾಡಿತು. ಅಗೆದ್ರೆ ಗೆಡ್ಡೆ ನಡುಮಧ್ಯೆ ತೂತು.

ಪ್ರಶ್ನೆ: ಅಕ್ಕ, ನಮ್ದು ತುಮಕೂರು. ನನ್ನ ಹತ್ರ ಇರೋದು ಒಂದೇ ಒಂದು ಕಡು ಮರೂನ್ ಡೇರೆ ಗೆಡ್ಡೆ, ಎರಡೇ ಕಣ್ಣು. ಇದರಿಂದ ಹತ್ತು ಗಿಡ ಮಾಡೋಕಾಗುತ್ತಾ? ಲಾಲ್‌ಬಾಗ್ ಫ್ಲವರ್ ಶೋನಲ್ಲಿ ನೋಡೋ ಅಷ್ಟು ದೊಡ್ಡ ಹೂವು ಬರಬೇಕು.

ಉತ್ತರ: ಹತ್ತು ಆಗುತ್ತೆ, ಹೆಚ್ಚೂ ಆಗುತ್ತೆ, ಕೊಯ್ಯದೇ ಇದ್ರೆ. ಗೆಡ್ಡೆ ಸೀಳಿದ್ರೆ ನಿಮಗೆ ಸಿಗೋದು ಎರಡೇ. ಅದನ್ನ ಇಡಿಯಾಗಿ ಜೂನಲ್ಲಿ ಕುಂಡಕ್ಕೆ ಹಾಕಿ, ಅರ್ಧ ಕೋಕೋಪೀಟು ಅರ್ಧ ಮರಳು, ನಿಮ್ಮ ಕಡೆ ತಿಪಟೂರು ಗುಬ್ಬಿ ಅಂತ ತೆಂಗಿನ ನಾರಿಗೇನು ಬರ. ಚಿಗುರು ಮೂರು ಇಂಚು ಆದಾಗ, ಬುಡದ ಒಂದು ಜೊತೆ ಎಲೆ ಗೆಡ್ಡೆ ಮೇಲೇ ಬಿಟ್ಟು, ಅದರ ಮೇಲಿನ ಗೆಣ್ಣಿನ ಕೆಳಗೆ ಬ್ಲೇಡಲ್ಲಿ ಕೊಯ್ಯಿರಿ. ಆ ಬಿಟ್ಟಿರೋ ಎಲೆಯ ಸಂದಿಯಿಂದ ಮತ್ತೆ ಎರಡು ಚಿಗುರು ಬರುತ್ತೆ, ಅವು ಮೂರು ಇಂಚು ಆದಾಗ ಅವನ್ನೂ ತಗೊಳ್ಳಿ. ಹಿಂಗೇ ನಡೀತಾ ಹೋಗುತ್ತೆ. ಆಸೆಗೆ ಬಿದ್ದು ಚಿಗುರನ್ನ ಅರ್ಧ ಅಡಿ ಬೆಳೆಸಬೇಡಿ, ಉದ್ದ ಆದಂಗೆ ಕಾಂಡ ಒಳಗೆ ಪೊಳ್ಳಾಗುತ್ತೆ, ಪೊಳ್ಳು ಕಡ್ಡಿ ಬೇರು ಬಿಡೋ ಬದ್ಲು ಕೊಳೆಯುತ್ತೆ. ಕೊಯ್ದ ಮುಖ ನೋಡಿ, ನಡುವೆ ತೂತಿಲ್ಲದೇ ಗಟ್ಟಿ ಹಸಿರಿದ್ರೆ ಸರಿ.

ಕೆಳಗಿನ ಎಲೆ ತೆಗೆದು, ಬೇರು ಬರ್ಸೋ ಹಾರ್ಮೋನ್ ಪುಡಿ ಇದ್ರೆ ಮುಟ್ಟಿಸಿ, ಇಲ್ದಿದ್ರೂ ಡೇರೆ ಬೇರು ಬಿಡುತ್ತೆ, ಪೇಪರ್ ಲೋಟಕ್ಕೆ ತಳ ತೂತು ಮಾಡಿ ನೆಡಿ, ಅರ್ಧಕ್ಕೆ ಕತ್ತರಿಸಿದ ನೀರಿನ ಬಾಟ್ಲಿ ಮೇಲೆ ಬೋರಲು ಹಾಕಿ. ನೆರಳಲ್ಲಿ ಇರ್ಲಿ. ಎರಡು ಮೂರು ವಾರಕ್ಕೆ ಹೊಸ ಎಲೆ ಮೂಡುತ್ತೆ. ಬಾಟ್ಲಿ ಒಂದೇ ದಿನ ಪೂರ್ತಿ ತೆಗೀಬೇಡಿ, ಮೊದಲು ಮುಚ್ಚಳ, ಎರಡು ದಿನ ಬಿಟ್ಟು ಬಾಟ್ಲಿ. ಎಲೇಲಿ ಹಳದಿ ಮಚ್ಚೆ ಮಚ್ಚೆ, ಮುದುಡು ಇರೋ ಗಿಡದಿಂದ ಮಾತ್ರ ಕಡ್ಡಿ ತಗೋಬೇಡಿ, ಅದು ವೈರಸ್ಸು, ಹತ್ತು ಗಿಡ ಮಾಡಿದ್ರೆ ಹತ್ತು ರೋಗಿ. ಕಡ್ಡಿ ಗಿಡಾನೂ ವರ್ಷದ ಕೊನೆಗೆ ಕೆಳಗೆ ತನ್ನದೇ ಗೆಡ್ಡೆ ಕಟ್ಟುತ್ತೆ, ಆದ್ರಿಂದ ಚಿಂತೆ ಇಲ್ಲ.

ದೊಡ್ಡ ಹೂವಿನ ಗುಟ್ಟು ಕತ್ತರೀಲಿದೆ. ನಾಲ್ಕು ಜೊತೆ ಎಲೆ ಬಂದಾಗ ತುದಿ ಚಿವುಟಿ, ಮೂರು ನಾಲ್ಕು ಕವಲು ಮಾತ್ರ ಉಳಿಸಿ. ಪ್ರತಿ ಕವಲಿನ ತುದೀಲಿ ಮೂರು ಮೊಗ್ಗು ಒಟ್ಟಿಗೆ ಬರುತ್ತೆ, ಬಟಾಣಿ ಗಾತ್ರ ಆದಾಗ ನಡುವಿನದ್ದು ಬಿಟ್ಟು ಪಕ್ಕದ ಎರಡನ್ನೂ ತೆಗೀಬೇಕು. ಮನಸ್ಸು ಬರಲ್ಲ, ಗೊತ್ತು. ಜಾತಿಯೇ ಸಣ್ಣ ಹೂವಿನದ್ದಾದ್ರೆ ಎಷ್ಟು ಚಿವುಟಿದ್ರೂ ತಟ್ಟೆಯಷ್ಟು ಆಗಲ್ಲ, ಅದಂತೂ ಹೇಳ್ಬಿಡ್ತೀನಿ.

ಪ್ರಶ್ನೆ: ಡೇರೆ ಬೀಜ ಹಾಕಿದ್ರೆ ತಾಯಿ ಗಿಡದ ಬಣ್ಣವೇ ಬರುತ್ತಾ? ಕೋಲಾರದಿಂದ.

ಉತ್ತರ: ಬರಲ್ಲ. ನಾವು ಬೆಳೆಯೋ ಡೇರೇಲಿ ವರ್ಣತಂತುಗಳು (ಬಣ್ಣ, ಆಕಾರದ ಗುಣ ಹೊರೋ ಎಳೆಗಳು) ಎಂಟು ಸೆಟ್ಟು, ಬೀಜದಲ್ಲಿ ಹೆಂಗೆ ಬೇಕಾದ್ರೂ ಕಲಸಿಕೊಂಡು ಬರುತ್ತೆ. ಮೆಕ್ಸಿಕೋದಿಂದ ಬಂದ ಗಿಡ ಇದು, ಅಲ್ಲಿ 1963ರಲ್ಲಿ ರಾಷ್ಟ್ರೀಯ ಹೂವು ಅಂತ ಘೋಷಿಸಿದ್ದಾರೆ, ಇಷ್ಟೊಂದು ಬಣ್ಣ ಆಕಾರ ಹುಟ್ಟಿದ್ದೇ ಈ ಕಲಸುಮೇಲೋಗರದಿಂದ. ನರ್ಸರೀಲಿ ಚಳಿಗಾಲಕ್ಕೆ ಬರೋ ಕುಳ್ಳ ಡೇಲಿಯಾ ಸಾಮಾನ್ಯವಾಗಿ ಬೀಜದ್ದೇ. ಬಣ್ಣದ ಹಠ ಇಲ್ದಿದ್ರೆ ಹಾಕಿ, ವಾರ ಹತ್ತು ದಿನಕ್ಕೆ ಹುಟ್ಟುತ್ತೆ.

ಪ್ರಶ್ನೆ: ಶಿಡ್ಲಘಟ್ಟ. ನಮ್ಮ ಡೇರೆಗೆ ಹೇನು ಹತ್ತಿತ್ತು. ಬೇವಿನ ಎಣ್ಣೆ ಅಲ್ವಾ ಸಾವಯವ ಅಲ್ವಾ ಅಂತ ಹೊಡೆದೆ. ಪಕ್ಕದ ಹಿಪ್ಪುನೇರಳೆ ತೋಟದ ಅಣ್ಣ ಬಂದು ಜಗಳ ತೆಗೆದ್ರು. ತಪ್ಪು ಯಾರದು?

ಉತ್ತರ: ನಿಮ್ಮದು. ಸಾವಯವ ಅಂದ ಮಾತ್ರಕ್ಕೆ ಎಲ್ಲಾ ಹುಳಕ್ಕೂ ಅದು ಅಮೃತ ಅಲ್ಲ. ಹೇನಿಗೆ ಮಾಡೋದನ್ನೇ ಬೇವು ರೇಷ್ಮೆ ಹುಳಕ್ಕೂ ಮಾಡುತ್ತೆ, ಮೇವು ಬಿಡುತ್ತೆ, ಜ್ವರದಿಂದ (ಹುಳ ಪೊರೆ ಬಿಡೋಕೆ ಮೇವು ನಿಲ್ಲಿಸಿ ಮಲಗೋದಕ್ಕೆ ಹಂಗಂತಾರೆ) ಏಳಲ್ಲ. ಗಾಳೀಲಿ ಹಾರಿ ಸೊಪ್ಪಿನ ಮೇಲೆ ಕೂತ್ರೆ ಆ ಸೊಪ್ಪು ನೇರ ಹುಳದ ಮನೆಗೆ ಹೋಗುತ್ತೆ. ನಾಲ್ಕು ಜ್ವರ ದಾಟಿಸಿ, ಹುಳ ಹಣ್ಣಾಗಿ ಗೂಡು ಕಟ್ಟೋ ತಟ್ಟೆಗೆ, ಅಂದ್ರೆ ಚಂದ್ರಿಕೆಗೆ ಬಿಡೋ ಹೊತ್ತಲ್ಲಿ ಹಿಂಗಾದ್ರೆ ಒಂದು ಬೆಳೆ ಪೂರ್ತಿ ಕೈ ಬಿಟ್ಟು ಹೋಗುತ್ತೆ, ನಿಮ್ಮದು ಹೂವು, ಅವರದು ಮಕ್ಕಳ ಫೀಸು.

ಹೇನಿಗೆ ಬೆಳಗ್ಗೆ ಪೈಪಲ್ಲಿ ಜೋರಾಗಿ ನೀರು ಎಲೆ ಅಡಿಗೆ ಹೊಡೆದ್ರೆ ಮುಕ್ಕಾಲು ಪಾಲು ಉದುರುತ್ತೆ, ಮೂರು ದಿನ ಬಿಟ್ಟು ಮತ್ತೆ. ತೀರಾ ಮುತ್ಕೊಂಡಿರೋ ತುದಿ ಚಿವುಟಿ ಸುಟ್ಟುಬಿಡಿ. ಉಳಿದದ್ದಕ್ಕೆ ಬಟ್ಟೇನ ಸೋಪು ನೀರಲ್ಲಿ ಅದ್ದಿ ಕೈಲೇ ಒರೆಸಿ, ಸ್ಪ್ರೇ ಬೇಡ. ಹೇನು ಬಿಟ್ಟು ಸುಮ್ನಿರೋ ಹಂಗೂ ಇಲ್ಲ, ಮೇಲೆ ತುಮಕೂರಿನವ್ರಿಗೆ ಹೇಳಿದ ಹಳದಿ ಮಚ್ಚೆ ವೈರಸ್ಸನ್ನ ಗಿಡದಿಂದ ಗಿಡಕ್ಕೆ ಹೊರೋದು ಅದೇ. ಆ ಅಣ್ಣನ ಹತ್ರ ಹೋಗಿ ಮಾತಾಡಿ, ಗೊಬ್ಬರಕ್ಕೆ ಹಿಕ್ಕೆ ಬೇಕು ಅಂತ ಅವರ ಮನೆ ಬಾಗಿಲಿಗೇ ಹೋಗೋ ದಿನ ಬರುತ್ತೆ.

ಪ್ರಶ್ನೆ: ಹೂವು ಮುಗಿದ ಮೇಲೆ ಗೆಡ್ಡೆ ಮಣ್ಣಲ್ಲೇ ಬಿಡಬಹುದಾ? ಹೋದ ಸಲ ಬಿಟ್ಟಿದ್ದೆ, ಅಗೆದ್ರೆ ಏನೂ ಇರ್ಲಿಲ್ಲ. ಬಾಗೇಪಲ್ಲಿ.

ಉತ್ತರ: ಏನೂ ಇರ್ಲಿಲ್ಲ ಅಂದ್ರೆ ಹೆಗ್ಗಣ. ಕೊಳೆತಿದ್ರೆ ಸಿಪ್ಪೆ, ನಾರಾದ್ರೂ ಸಿಗ್ತಿತ್ತು. ಹೆಗ್ಗಣಕ್ಕೆ ಡೇರೆ ಗೆಡ್ಡೆ ಗೆಣಸಿದ್ದಂಗೆ. ಹೂವು ನಿಂತು ಎಲೆ ಹಳದಿ ಆದಾಗ, ನಮ್ಮಲ್ಲಿ ಫೆಬ್ರವರಿ ಹೊತ್ತಿಗೆ, ನೀರು ನಿಲ್ಲಿಸಿ ಹದಿನೈದು ದಿನ ಬಿಡಿ, ಅರ್ಧ ಅಡಿ ಮೋಟು ಇಟ್ಟು ಕಾಂಡ ಕೊಯ್ಯಿರಿ. ಬುಡದಿಂದ ಒಂದಡಿ ದೂರ ಗುದ್ದಲಿ ಹಾಕಿ ಇಡೀ ಗೊಂಚಲು ಎತ್ತಬೇಕು, ಮೋಟು ಹಿಡಿದು ಎಳೀಬೇಡಿ, ಕುತ್ತಿಗೆ ಹೋಗುತ್ತೆ. ಮಣ್ಣು ಉದುರಿಸಿ, ಮೋಟಲ್ಲಿ ನೀರು ನಿಂತಿದ್ರೆ ಹೋಗೋಕೆ ತಲೆಕೆಳಗಾಗಿ ಎರಡು ಮೂರು ದಿನ ನೆರಳಲ್ಲಿ ಒಣಗಿಸಿ, ಒಣ ಮರಳಿನ ಡಬ್ಬಕ್ಕೆ ಹಾಕಿ, ಮುಚ್ಚಳ ಗಟ್ಟಿ ಮುಚ್ಚಬೇಡಿ. ತಿಂಗಳಿಗೊಂದ್ಸಲ ತೆಗೆದು ನೋಡಿ, ಸುಕ್ಕಾಗಿದ್ರೆ ಮರಳಿಗೆ ಚೂರು ನೀರು ಚಿಮುಕಿಸಿ, ಮೆತ್ತಗಾಗಿದ್ರೆ ಅದನ್ನ ಕಿತ್ತೆಸೆಯಿರಿ. ಬಣ್ಣದ ಹೆಸರು ಗೆಡ್ಡೆ ಮೇಲೇ ಮಾರ್ಕರ್ ಪೆನ್ನಲ್ಲಿ ಬರೀರಿ, ಚೀಟಿ ಕಟ್ಟಿದ್ರೆ ಇಲಿ ಮೊದಲು ಚೀಟಿ ತಿನ್ನುತ್ತೆ.